ಡೈರಿಯ ಮುಂದಿನ ಸಾಲು

ನಮ್ಮೂರಲ್ಲಿ ಅದನ್ನು ಯಾರೂ ಸಂಘ ಅನ್ನುವುದಿಲ್ಲ. ಬೋರ್ಡಿನ ಮೇಲೆ ‘ಹಾಲು ಉತ್ಪಾದಕರ ಸಹಕಾರ ಸಂಘ’ ಎಂದು ಬರೆದಿದ್ದರೂ ಬಾಯಲ್ಲಿರುವುದು ಡೈರಿ. ಹುಣಸೂರು ತಾಲ್ಲೂಕಿನ ನಮ್ಮ ಹಳ್ಳಿಗೆ ಅದು ಬಂದದ್ದು ಎಂಬತ್ತರ ದಶಕದ ಮೊದಲಲ್ಲಿ, ನಾನು ಐದನೇ ಕ್ಲಾಸಿನಲ್ಲಿದ್ದಾಗ. ಅದಕ್ಕೆ ಮುಂಚೆ ಪೇಟೆಯಿಂದ ಸೈಕಲ್ಲಿನಲ್ಲಿ ಒಬ್ಬ ಬರುತ್ತಿದ್ದ. ಗೌರಿ ಹಬ್ಬಕ್ಕೆ ಮುಂಗಡ ಕೊಡುತ್ತಿದ್ದ. ಮುಂಗಡ ತೀರುವವರೆಗೂ ಹಾಲು ಅವನಿಗೇ. ಅವನು ಹೇಳಿದ್ದೇ ರೇಟು, ಅವನ ಚೊಂಬೇ ಅಳತೆ. ಆ ಮುಂಗಡ ಒಂದು ವರ್ಷವೂ ತೀರಲಿಲ್ಲ.

ಡೈರಿಯನ್ನು ಊರಿನವರೇ ಕಟ್ಟಿದರು ಎಂದು ಈಗ ಭಾಷಣಗಳಲ್ಲಿ ಕೇಳುತ್ತೇನೆ. ಅದು ಅರ್ಧ ಮಾತು. 1974ರಲ್ಲಿ ವಿಶ್ವಬ್ಯಾಂಕಿನ ನೆರವಿನಿಂದ ಕರ್ನಾಟಕ ಡೈರಿ ಅಭಿವೃದ್ಧಿ ನಿಗಮ ಶುರುವಾಯಿತು. ಗುಜರಾತಿನ ಆಣಂದ್ ಮಾದರಿಯಂತೆ ಹಳ್ಳಿಗೊಂದು ಸಂಘ, ಅದರ ಮೇಲೆ ಒಕ್ಕೂಟ, ರಾಜ್ಯಕ್ಕೊಂದು ಮಹಾಮಂಡಳ. ಆ ನಿಗಮವೇ 1984ರಲ್ಲಿ ಕರ್ನಾಟಕ ಹಾಲು ಮಹಾಮಂಡಳ (ಕೆಎಂಎಫ್) ಆಯಿತು. ನಮಗೆ ಇದ್ಯಾವುದೂ ಗೊತ್ತಿರಲಿಲ್ಲ. ಮೈಸೂರು ಒಕ್ಕೂಟ ಅಂದರೆ ನಮಗೆ ಮೋಟಾರ್ ಬೈಕಿನಲ್ಲಿ ಬರುತ್ತಿದ್ದ ಒಬ್ಬ ವಿಸ್ತರಣಾಧಿಕಾರಿ. ಅವರು ನಮ್ಮ ಜಗಲಿಯ ಮೇಲೆ ಎಷ್ಟೋ ಸಂಜೆ ಕೂತು ಹೇಳಿದ್ದನ್ನೇ ಹೇಳಿದ ಮೇಲೆ ಜನ ಒಪ್ಪಿದರು. ಷೇರಿನ ಹಣಕ್ಕೆ ಅವ್ವ ಎರಡು ಕೋಳಿ ಮಾರಿದಳು. ಷೇರು ಬರೆದದ್ದು ಅಪ್ಪನ ಹೆಸರಿಗೆ.

ಫ್ಯಾಟ್ ನೋಡುವುದು ಹುಡುಗರಾದ ನಮಗೆ ದೊಡ್ಡ ಆಟ. ಒಕ್ಕೂಟದಲ್ಲಿ ತರಬೇತಿ ಪಡೆದು ಬಂದಿದ್ದ ಕಾರ್ಯದರ್ಶಿ ಗಾಜಿನ ನಳಿಗೆಗೆ 10 ಮಿಲಿ ಆಸಿಡ್, ಅದರ ಮೇಲೆ 10.75 ಮಿಲಿ ಹಾಲು, 1 ಮಿಲಿ ಆಲ್ಕೊಹಾಲ್ ಬಿಟ್ಟು, ಬಿರಡೆ ಒತ್ತಿ ಅಲ್ಲಾಡಿಸುತ್ತಿದ್ದ. ನಳಿಗೆ ಕೈಯಲ್ಲಿ ಹಿಡಿಯಲಾಗದಷ್ಟು ಕಾಯುತ್ತಿತ್ತು, ಬಟ್ಟೆ ಸುತ್ತಿ ಹಿಡಿಯಬೇಕು. ಆಮೇಲೆ ಯಂತ್ರದ ಹಿಡಿ ತಿರುಗಿಸಿ, ನಳಿಗೆಯನ್ನು ಬೆಳಕಿಗೆ ಎತ್ತಿ, ಹಳದಿ ಜಿಡ್ಡು ಯಾವ ಗೆರೆಗೆ ನಿಂತಿದೆ ಎಂದು ಕೂಗಿ ಹೇಳುತ್ತಿದ್ದ.

ಒಂದು ಬೇಸಿಗೆಯಲ್ಲಿ ಅವ್ವ ಹಾಕುತ್ತಿದ್ದ ಹಾಲಿಗೆ ಲ್ಯಾಕ್ಟೋಮೀಟರಿನಲ್ಲಿ ದಿನಾ ಡಿಗ್ರಿ ಬರಲಿಲ್ಲ. ಸಾಲಿನಲ್ಲಿದ್ದವರೆಲ್ಲ ಅವ್ವನ ಮುಖ ನೋಡಿದರು; ನೀರು ಎಂಬ ಮಾತು ಯಾರ ಬಾಯಿಂದಲೂ ಬರದಿದ್ದರೂ ಕೇಳಿಸಿತು. ಆ ವಾರ ಬಂದ ವಿಸ್ತರಣಾಧಿಕಾರಿ ಹಾಲಿನ ಪಾತ್ರೆ ಮುಟ್ಟಲಿಲ್ಲ, ನೇರ ಕೊಟ್ಟಿಗೆಗೆ ಬಂದರು. “ಬರೀ ಒಣಹುಲ್ಲು ಹಾಕಿದ್ರೆ ಡಿಗ್ರಿ ಎಲ್ಲಿಂದ ಬರ್ಬೇಕು ಕಣವ್ವ?” ಅಂದರು. ಮುಂದಿನ ಸಲ ಬರುವಾಗ ನೇಪಿಯರ್ ಹುಲ್ಲಿನ ಕಡ್ಡಿ ತಂದುಕೊಟ್ಟರು. ಅವ್ವ ಅದನ್ನು ಬಚ್ಚಲ ನೀರು ಹರಿಯುವಲ್ಲಿ ನೆಟ್ಟಳು.

ಇನ್ನೊಂದು ವರ್ಷ ಬಟವಾಡೆಯ ಲೆಕ್ಕ ತಪ್ಪಿತು. ಪಾಸ್ ಪುಸ್ತಕದ ಲೀಟರಿಗೂ ಸಂಘದ ಪುಸ್ತಕದ ಲೀಟರಿಗೂ ತಾಳೆಯಾಗುತ್ತಿಲ್ಲ ಎಂದು ಮೊದಲು ಕಂಡುಹಿಡಿದವಳು ಅವ್ವ. ಒಕ್ಕೂಟದವರು ಬಂದು ಮೂರು ದಿನ ಕೂತು ಪುಸ್ತಕ ತೆಗೆದರು, ಹಣ ವಸೂಲಾಯಿತು. ಆದರೆ ಅದನ್ನು ಚರ್ಚಿಸಿದ ಸಭೆಯಲ್ಲಿ ಅವ್ವನಿಗೆ ಜಾಗವಿರಲಿಲ್ಲ. ಸದಸ್ಯ ಅಪ್ಪ, ಅಪ್ಪ ಒಂದು ದಿನವೂ ಹಸು ಕರೆದವನಲ್ಲ.

ಸುತ್ತಮುತ್ತ ನೋಡಿದರೆ ಒಕ್ಕೂಟದ ಬೆಲೆ ತಿಳಿಯುತ್ತದೆ. ಕೆ.ಆರ್. ನಗರದ ಚುಂಚನಕಟ್ಟೆಯ ಶ್ರೀರಾಮ ಸಹಕಾರಿ ಸಕ್ಕರೆ ಕಾರ್ಖಾನೆಯೂ ರೈತರ ಷೇರಿನದೇ. ತನ್ನ ಸಕ್ಕರೆ ತಾನೇ ಮಾರಿ, ತನ್ನ ಸಾಲ ತಾನೇ ಹೊತ್ತು, ಕೊನೆಗೆ ವರ್ಷಗಟ್ಟಲೆ ನಿಂತುಹೋಯಿತು. ಹುಣಸೂರು, ಪಿರಿಯಾಪಟ್ಟಣದ ಹೊಗೆಸೊಪ್ಪಿಗೆ 1984ರಿಂದ ತಂಬಾಕು ಮಂಡಳಿಯ ಹರಾಜಿದೆ. ಕಟ್ಟೆಮಳಲವಾಡಿಯ ಹರಾಜು ಕಟ್ಟೆಯಲ್ಲಿ ಬೆಳೆಗಾರ ತನ್ನ ಬೇಲಿನ ಪಕ್ಕ ನಿಂತು ಕಂಪನಿಯವರು ಕೊಡುವ ಬೆಲೆಗೆ ಕಾದಿರುತ್ತಾನೆ. ಮಂಡಳಿ ಸರ್ಕಾರದ್ದು, ಕೊಳ್ಳುವವರು ಕಂಪನಿಯವರು. ಬೆಲೆ ಬಿದ್ದ ದಿನ ಅವನಿಗೆ ಉಳಿಯುವುದು ಪ್ರತಿಭಟನೆಯೊಂದೇ. ಹಾಲಿನಲ್ಲಿ ಹಾಗಿಲ್ಲ. ಎಚ್.ಡಿ. ಕೋಟೆಯ ಕಾಡಂಚಿನ ಹಳ್ಳಿಯ ಎರಡು ಲೀಟರಿಗೂ ದಿನಾ ಎರಡು ಹೊತ್ತು ಕೊಳ್ಳುವವರಿದ್ದಾರೆ.

ಈಗ ಯಂತ್ರ ಅರೆ ನಿಮಿಷದಲ್ಲಿ ಫ್ಯಾಟು, ಎಸ್‌ಎನ್‌ಎಫ್ (ಕೊಬ್ಬಲ್ಲದ ಘನಾಂಶ) ಎರಡನ್ನೂ ಚೀಟಿಯಲ್ಲಿ ಹೊಡೆದು ಕೊಡುತ್ತದೆ. ಹಣ ಬ್ಯಾಂಕಿನ ಖಾತೆಗೆ ಬೀಳುತ್ತದೆ. 2008ರಲ್ಲಿ ಲೀಟರಿಗೆ 2 ರೂಪಾಯಿಯಿಂದ ಶುರುವಾದ ಸರ್ಕಾರದ ಪ್ರೋತ್ಸಾಹಧನ ಮುಂದೆ 5 ರೂಪಾಯಿಗೆ ಏರಿತು. ಇದೆಲ್ಲ ಒಳ್ಳೆಯದೇ, ಆ ಬಿಸಿ ನಳಿಗೆ ಮತ್ತೆ ಬರಲಿ ಎಂದು ನಾನು ಬಯಸುವುದಿಲ್ಲ. ಆದರೆ ಸಾಲು ಬೇಗ ಕರಗುತ್ತದೆ, ಮಾತಿಗೆ ಯಾರೂ ನಿಲ್ಲುವುದಿಲ್ಲ. ಮಹಾಸಭೆಯ ಹಾಜರಿ ಪುಸ್ತಕವೇ ಮನೆಮನೆಗೆ ಬಂದು ಸಹಿ ಹಾಕಿಸಿಕೊಂಡು ಹೋಗುವುದನ್ನು ಕಣ್ಣಾರೆ ಕಂಡಿದ್ದೇನೆ. ಒಕ್ಕೂಟ ಎಷ್ಟೇ ಗಟ್ಟಿಯಾಗಿದ್ದರೂ ಖಾಲಿ ಸಭೆಯ ಲೆಕ್ಕವನ್ನು ಅದು ಕಾಯಲಾರದು. ಅಂದು ಮೂರು ದಿನ ಪುಸ್ತಕ ತೆಗೆದವರಿಗೂ ಅವ್ವನ ಪಾಸ್ ಪುಸ್ತಕವೇ ಆಧಾರವಾಗಿತ್ತು.

ಹುಣಸೂರು, ಕೆ.ಆರ್. ನಗರ, ಪಿರಿಯಾಪಟ್ಟಣ, ಕೋಟೆ, ಈ ನಾಲ್ಕೂ ತಾಲ್ಲೂಕುಗಳಲ್ಲಿ ಈಗ ಮಹಿಳಾ ಸಂಘಗಳಿವೆ. ಉಳಿದ ಸಂಘಗಳಲ್ಲಿ ಹಾಲು ಹಾಕುವ ಮನೆಗಳವರಲ್ಲಿ ನನ್ನದೊಂದು ಕೋರಿಕೆ: ಹಸು ಕರೆಯುವವರು ಯಾರೋ ಅವರ ಹೆಸರಿಗೆ ಷೇರು ಮಾಡಿಸಿ, ಸೆಪ್ಟೆಂಬರಿನ ಮಹಾಸಭೆಗೆ ಅವರನ್ನೇ ಕಳಿಸಿ, ಪಾಸ್ ಪುಸ್ತಕ ಅವರ ಕೈಯಲ್ಲಿರಲಿ.