ಆತಕೂರಿನ ಕಲ್ಲು ಮತ್ತು ಆಟದ ಪೆಟ್ಟಿಗೆ

ಮದ್ದೂರು ತಾಲೂಕಿನ ಬೆಸಗರಹಳ್ಳಿಯ ಹೆಸರು ಕಥೆಗಾರ ಡಾ. ಬೆಸಗರಹಳ್ಳಿ ರಾಮಣ್ಣನವರಿಂದಾಗಿ ಕನ್ನಡ ವಾಚಕರಿಗೆ ಚಿರಪರಿಚಿತವಾಗಿದೆ. ಅದೇ ತಾಲೂಕಿನ ಆತಕೂರು, ಇಂದಿನವರ ಬಾಯಲ್ಲಿ ಆತಗೂರು, ಅಷ್ಟು ಪರಿಚಿತವಲ್ಲ. ಇತಿಹಾಸಜ್ಞರು ಮಾತ್ರ ಆ ಊರಿನ ಹೆಸರನ್ನು ಗೌರವದಿಂದ ಉಚ್ಚರಿಸುತ್ತಾರೆ. ಊರಿಗೆ ಆ ಕೀರ್ತಿಯನ್ನು ತಂದುಕೊಟ್ಟವನು ಅರಸನೂ ಅಲ್ಲ, ಕವಿಯೂ ಅಲ್ಲ. ಕಾಳಿ ಎಂಬ ಒಂದು ಬೇಟೆನಾಯಿ.

ತಕ್ಕೋಲದ ರಣರಂಗದಲ್ಲಿ ರಾಷ್ಟ್ರಕೂಟ ಮೂರನೆಯ ಕೃಷ್ಣನ ಪಕ್ಷದಲ್ಲಿ ನಿಂತ ಗಂಗರ ಬೂತುಗನು ಚೋಳ ರಾಜಾದಿತ್ಯನನ್ನು ಕೊಂದನು. ಆ ಯುದ್ಧದಲ್ಲಿ ಕಾದಿದ ಮಣಲೆರನೆಂಬ ವೀರನಿಗೆ ಒಡೆಯನು ಮೆಚ್ಚಿ, ಬೇಕಾದುದನ್ನು ಬೇಡೆಂದಾಗ ಆತ ಬೇಡಿಕೊಂಡದ್ದು ಕಾಳಿಯನ್ನು. ಮುಂದೆ ಕೆಲಲೆ ನಾಡಿನ ಬೆಳತೂರಿನ ಗುಡ್ಡದಲ್ಲಿ ಆ ನಾಯಿ ದೊಡ್ಡದೊಂದು ಹಂದಿಯ ಮೇಲೆ ಬಿದ್ದು ಕಾದಿತು. ನಾಯಿಯೂ ಹಂದಿಯೂ ಒಟ್ಟಿಗೆ ಸತ್ತವು. ಅದರ ನೆನಪಿಗೆ ಆತಕೂರಿನ ಚಲ್ಲೇಶ್ವರ ದೇವಾಲಯದ ಮುಂದೆ ಕಲ್ಲು ನಿಂತಿತು, ಭೂಮಿಯೂ ದತ್ತಿಯಾಯಿತು. ಕಾಲ ಶಕವರ್ಷ 872, ಅಂದರೆ ಕ್ರಿ.ಶ. 949-50. ಕಲ್ಲಿನ ಮೇಲೆ ನಾಯಿ ಹಂದಿಗಳ ಹೋರಾಟವನ್ನು ಕಂಡರಿಸಿ ಅದರ ಜೊತೆಗೆ ಬರಹವನ್ನು ಕೊರೆದಿದ್ದಾರೆ. ಆ ಸ್ಥಾನವನ್ನು ನೋಡಿಕೊಳ್ಳುವ ಗೊರವನು ಕಲ್ಲಿಗೆ ಪೂಜೆ ಸಲ್ಲಿಸದೆ ಉಂಡರೆ ನಾಯಿಯ ಪಾಪಕ್ಕೆ ಗುರಿಯಾಗುತ್ತಾನೆಂಬ ಎಚ್ಚರಿಕೆಯೂ ಅದರಲ್ಲಿದೆ. ದತ್ತಿಯನ್ನು ಅನುಭವಿಸುವವನಿಗೆ ಕಾಯುವ ಹೊಣೆಯೂ ಉಂಟೆಂಬ ಕಟ್ಟಳೆಯನ್ನು ಇಷ್ಟು ನೇರವಾಗಿ ಹೇಳಿದ ಬರಹ ಅಪರೂಪವೆಂದೇ ಹೇಳಬೇಕು.

ಆ ಕಲ್ಲು ಈಗ ಆತಕೂರಿನಲ್ಲಿಲ್ಲ. ಬೆಂಗಳೂರಿನ ಸರಕಾರಿ ವಸ್ತುಸಂಗ್ರಹಾಲಯದಲ್ಲಿದೆ. ಊರಿನ ಮಕ್ಕಳು ತಮ್ಮ ಊರಿನ ನಾಯಿಯನ್ನು ಕಾಣಬೇಕಾದರೆ ರಾಜಧಾನಿಗೆ ಪಯಣಿಸಬೇಕು. ಆದರೆ ವಿದ್ವಾಂಸರು ಅದನ್ನು ಮನೆಯಲ್ಲಿ ಕುಳಿತೇ ಓದುತ್ತಾರೆ, ಏಕೆಂದರೆ ಅದರ ಪಾಠವು ಬಿ. ಎಲ್. ರೈಸ್ ಅವರ ‘ಎಪಿಗ್ರಾಫಿಯ ಕರ್ನಾಟಿಕ’ದ ಮೂರನೆಯ ಸಂಪುಟದಲ್ಲಿ 1894ರಲ್ಲಿ ಅಚ್ಚಾಯಿತು. ಅಂದು ಮಂಡ್ಯ ಜಿಲ್ಲೆಯೆಂಬುದೇ ಇರಲಿಲ್ಲ; ಅದು ರೂಪುಗೊಂಡದ್ದು 1939ರಲ್ಲಿ.

ಕಲ್ಲಿನಿಂದ ಕಾಗದಕ್ಕೆ ಅಕ್ಷರವನ್ನು ಇಳಿಸುವ ಕೆಲಸಕ್ಕೆ ಪಡಿಯಚ್ಚು ತೆಗೆಯುವುದೆಂದು ಹೆಸರು. ಕಲ್ಲನ್ನು ನೀರು ಹಾಕಿ ಕುಂಚದಿಂದ ತಿಕ್ಕಿ ಪಾಚಿ ಮಣ್ಣುಗಳನ್ನು ಕಳೆಯುತ್ತಾರೆ. ತೇವಗೊಳಿಸಿದ ಕಾಗದವನ್ನು ಹಾಸಿ, ಗಡುಸಾದ ಕುಂಚದಿಂದ ಬಡಿಬಡಿದು ಅಕ್ಷರದ ಗುಳಿಗಳೊಳಕ್ಕೆ ಇಳಿಯುವಂತೆ ಮಾಡುತ್ತಾರೆ. ಮೇಲೆ ಮಸಿಯ ಉಂಡೆಯನ್ನು ಒತ್ತಿದಾಗ ಹಿನ್ನೆಲೆ ಕಪ್ಪಾಗಿ, ತಗ್ಗಿನಲ್ಲಿರುವ ಅಕ್ಷರ ಬೆಳ್ಳಗೆ ಉಳಿಯುತ್ತದೆ. ಅವಸರ ಮಾಡಿದರೆ ಕಾಗದ ಹರಿಯುತ್ತದೆ, ಮಸಿ ಹೆಚ್ಚಿದರೆ ಅಕ್ಷರ ಮುಚ್ಚಿಹೋಗುತ್ತದೆ. ಸರಳವೆಂದು ತೋರುವ ಈ ವಿದ್ಯೆಗೆ ಎಷ್ಟು ತಾಳ್ಮೆ ಬೇಕೆಂಬುದು ಮಾಡಿದವರಿಗೇ ಗೊತ್ತು.

ಇತ್ತೀಚೆಗೆ ಇದೇ ಕೆಲಸಕ್ಕೆ ಹೊಸ ಸಾಧನವೊಂದು ಬಂದಿದೆ. 1909ರಲ್ಲಿ ಸ್ಥಾಪಿತವಾದ ಬೆಂಗಳೂರಿನ ಮಿಥಿಕ್ ಸೊಸೈಟಿಯು 2021ರಲ್ಲಿ ಬೆಂಗಳೂರು ಪ್ರದೇಶದ ಶಾಸನಗಳನ್ನು ಮೂರು ಆಯಾಮಗಳಲ್ಲಿ ಸ್ಕ್ಯಾನ್ ಮಾಡಿ ಸಂರಕ್ಷಿಸುವ ಯೋಜನೆಯನ್ನು ಕೈಗೊಂಡಿತು. ಕೈಯಲ್ಲಿ ಹಿಡಿಯುವ ಯಂತ್ರವು ಕಲ್ಲಿನ ಮೇಲೆ ಬೆಳಕಿನ ವಿನ್ಯಾಸವೊಂದನ್ನು ಚೆಲ್ಲುತ್ತದೆ. ಆ ವಿನ್ಯಾಸವು ಉಬ್ಬುತಗ್ಗುಗಳಲ್ಲಿ ಹೇಗೆ ಬಾಗಿತೆಂಬುದನ್ನು ಕ್ಯಾಮರಾ ಗ್ರಹಿಸಿ, ಕಲ್ಲಿನ ಮೈಯನ್ನು ಲಕ್ಷಾಂತರ ಬಿಂದುಗಳಾಗಿ, ಬಿಂದುಗಳನ್ನು ಸಣ್ಣ ಸಣ್ಣ ತ್ರಿಕೋನಗಳಾಗಿ ಗಣಕದಲ್ಲಿ ಕಟ್ಟುತ್ತದೆ. ಸವೆದುಹೋಗಿ ಬರಿಗಣ್ಣಿಗೆ ಕಾಣದ ಅಕ್ಷರವೂ ಈ ಪ್ರತಿಕೃತಿಯ ಮೇಲೆ ಕೃತಕ ಬೆಳಕನ್ನು ಓರೆಯಾಗಿ ಬೀರಿದಾಗ ನೆರಳಿನ ಗೆರೆಯಾಗಿ ಎದ್ದು ಬರುತ್ತದೆ. ಸಂಜೆಯ ಇಳಿಬಿಸಿಲಿಗಾಗಿ ಕಾದು ಶಾಸನ ಓದುತ್ತಿದ್ದ ಹಳಬರಿಗೆ ಇದು ಪವಾಡವೆಂದೇ ತೋರೀತು.

ಈ ತ್ರಿಕೋನಗಳ ಮಾತು ಬಂದಾಗ ಇನ್ನೊಂದು ಲೋಕದ ನೆನಪಾಗುತ್ತದೆ. ವಾಚಕರು ಹುಬ್ಬೇರಿಸಬಹುದು, ಆದರೂ ಹೇಳಲೇಬೇಕು. ಒಂದು ಕಾಲಕ್ಕೆ ನಗರಗಳಲ್ಲಿ ನಾಣ್ಯ ಹಾಕಿ ಆಡುತ್ತಿದ್ದ ವಿಡಿಯೊ ಆಟದ ದೊಡ್ಡ ಪೆಟ್ಟಿಗೆಗಳಿದ್ದವು. ಪಾಠ ಬಿಟ್ಟು ಅಲ್ಲಿ ನಿಂತ ಹುಡುಗರನ್ನು ಗದರಿಸದ ಉಪಾಧ್ಯಾಯರು ವಿರಳ. ಅಂಥ ಪೆಟ್ಟಿಗೆಗಳು ಮೂಲೆ ಸೇರಿ ಗುಜರಿಗೆ ಹೋದ ಮೇಲೆ, ಅವುಗಳೊಳಗಿನ ರೂಪಗಳನ್ನು ಹೊರತೆಗೆದು ಉಳಿಸುವ ಒಂದು ಬಳಗ ಜಗತ್ತಿನಾದ್ಯಂತ ಹುಟ್ಟಿಕೊಂಡಿದೆ. ಇಟಲಿಯ ನಿಕೋಲಾ ಸಾಲ್ಮೋರಿಯಾ ಎಂಬಾತ 1997ರಲ್ಲಿ ಹೊರತಂದ ಮೇಮ್ ಎಂಬ ತಂತ್ರಾಂಶ, ಹಳೆಯ ಯಂತ್ರಗಳ ನಡೆಯನ್ನು ಇಂದಿನ ಗಣಕದಲ್ಲಿ ಯಥಾವತ್ತಾಗಿ ಅನುಕರಿಸುವುದಕ್ಕಾಗಿ ಹುಟ್ಟಿದ್ದು. ಸಾವಿರಾರು ಆಟಗಳು ಇಂದು ಅದರ ಆಶ್ರಯದಲ್ಲಿವೆ.

ಆಟದ ಪೆಟ್ಟಿಗೆಯೊಳಗಿನ ಒಂದು ರೂಪಕ್ಕೆ ಎರಡು ಅಂಗಗಳು. ಬಿಂದುಗಳನ್ನು ಜೋಡಿಸಿ ಕಟ್ಟಿದ ಆಕಾರ ಒಂದು. ಅದನ್ನು ಮಾಡೆಲ್ ಎನ್ನುತ್ತಾರೆ. ಆ ಆಕಾರದ ಮೈಗೆ ಹೊದಿಸುವ ಚಿತ್ರ ಇನ್ನೊಂದು, ಅದು ಟೆಕ್ಸ್ಚರ್. ಸೂತ್ರದ ಗೊಂಬೆಯ ಮರದ ದೇಹವನ್ನೂ ಅದಕ್ಕೆ ತೊಡಿಸಿದ ಬಟ್ಟೆ ಬಣ್ಣಗಳನ್ನೂ ನೆನೆದರೆ ವಿಷಯ ಸ್ಪಷ್ಟವಾದೀತು. ಜಪಾನಿನ ಸೆಗಾ ಸಂಸ್ಥೆಯ ‘ವರ್ಚುವಾ ಫೈಟರ್’ 1993ರಲ್ಲಿ ಬಂದಾಗ ಅದರ ಜಟ್ಟಿಗಳು ಬರಿಯ ಕೋನಾಕಾರದ ತುಂಡುಗಳಂತಿದ್ದರು, ಮೈಮೇಲೆ ಚಿತ್ರವಿರಲಿಲ್ಲ. ಮರುವರ್ಷವೇ ಎರಡನೆಯ ಆವೃತ್ತಿಯಲ್ಲಿ ಅದೇ ಜಟ್ಟಿಗಳು ಬಟ್ಟೆಯ ನೇಯ್ಗೆ, ಮುಖದ ಕಳೆ ಪಡೆದರು. ಮಾಡೆಲ್ 1 ಎಂಬ ಯಂತ್ರದಿಂದ ಮಾಡೆಲ್ 2ಕ್ಕೆ ಏರಿದ ಫಲವದು. ವಿಮಾನ ಚಾಲಕರ ತರಬೇತಿಗೆಂದು ಅಮೆರಿಕದಲ್ಲಿ ಬೆಳೆದ ವಿದ್ಯೆಯೇ ಆ ಆಟದ ಯಂತ್ರಕ್ಕೆ ಒದಗಿಬಂದದ್ದು ಗಮನಿಸತಕ್ಕ ಸಂಗತಿ.

ಈ ರೂಪಗಳನ್ನು ಹೊರತೆಗೆಯುವುದು ಹೇಗೆ? ಮೊದಲು ಯಂತ್ರದ ಹಲಗೆಯಿಂದ ಸ್ಮೃತಿಯ ಚಿಪ್‌ಗಳನ್ನು ಜೋಪಾನವಾಗಿ ಕಿತ್ತು, ಓದುವ ಉಪಕರಣದಲ್ಲಿಟ್ಟು, ಒಳಗಿರುವುದನ್ನೆಲ್ಲ ಸಂಖ್ಯೆಗಳಾಗಿ ನಕಲು ಮಾಡಿಕೊಳ್ಳಬೇಕು. ಎಷ್ಟೋ ಸಲ ಒಂದೇ ಮಾಹಿತಿಯನ್ನು ಹಲವು ಚಿಪ್‌ಗಳಿಗೆ ಹಂಚಿರುತ್ತಾರೆ. ಅವುಗಳನ್ನು ಸರಿಯಾದ ಕ್ರಮದಲ್ಲಿ ಹೆಣೆಯಬೇಕು, ದಾರ ಕಡಿದು ಕಲೆಸಿಹೋದ ಓಲೆಗರಿಯ ಕಟ್ಟನ್ನು ಜೋಡಿಸಿದ ಹಾಗೆ. ಬಳಿಕ ಬರುವುದೇ ನಿಜವಾದ ಪರೀಕ್ಷೆ. ಅಲ್ಲಿರುವುದು ಸಂಖ್ಯೆಗಳ ಸಾಲು ಮಾತ್ರ. ಯಾವ ಮೂರು ಸಂಖ್ಯೆ ಸೇರಿ ಒಂದು ಬಿಂದುವಾಯಿತು, ಯಾವ ಬಿಂದುಗಳು ಸೇರಿ ಒಂದು ಮುಖವಾಯಿತು ಎಂಬುದನ್ನು ಊಹಿಸಿ, ಗೀಚಿ, ಅಳಿಸಿ ಕಂಡುಕೊಳ್ಳಬೇಕು. ಊಹೆ ತಪ್ಪಿದರೆ ಮೋಟಾರು ಕಾರಿನ ಬದಲು ಮುಳ್ಳುಹಂದಿ ಮೂಡುತ್ತದೆ. ಊಹೆ ಸರಿಹೋದ ಗಳಿಗೆಯಲ್ಲಿ, ಗೊಂದಲದೊಳಗಿಂದ ಒಂದು ಚಕ್ರ, ಒಂದು ಬಾಗಿಲು, ಒಂದು ಮುಖ ತಟಕ್ಕನೆ ಕಾಣಿಸಿಕೊಳ್ಳುವ ಆನಂದ ಶಾಸನದ ಒಂದು ಅರಿಯದ ಅಕ್ಷರ ಬಿಡಿಸಿದವನ ಆನಂದಕ್ಕೆ ಕಡಿಮೆಯದಲ್ಲ. ಚಿತ್ರಗಳದೂ ಇದೇ ಪಾಡು. ಮಾಡೆಲ್ 2ರ ಟೆಕ್ಸ್ಚರುಗಳು ಒಳಗೆ ಬೂದು ಛಾಯೆಯವು; ಬಣ್ಣದ ಲೆಕ್ಕವನ್ನು ಬೇರೆಡೆ ಇಟ್ಟಿರುತ್ತಾರೆ. ಅದು ದೊರೆಯುವವರೆಗೆ ಕೈಗೆ ಬಂದದ್ದು ಮಸಿಯ ಪಡಿಯಚ್ಚಿನಂತೆಯೇ ಕಪ್ಪುಬಿಳುಪು.

ಸುಲಭದ ಹಾದಿಯೊಂದುಂಟು: ಅನುಕರಣ ತಂತ್ರಾಂಶದಲ್ಲಿ ಆಟ ನಡೆಯುತ್ತಿರುವಾಗಲೇ ತೆರೆಯ ಮೇಲೆ ಬರುವ ತ್ರಿಕೋನಗಳನ್ನು ಹಿಡಿದುಕೊಳ್ಳುವುದು. ಇದರಲ್ಲಿ ದೊರೆಯುವುದು ಆ ಕ್ಷಣ ಚಿತ್ರಿತವಾದದ್ದು ಮಾತ್ರ. ನೆಲದಲ್ಲಿ ಹೂತ ಶಾಸನದ ಕೆಳಸಾಲುಗಳನ್ನು ಬಿಟ್ಟು ಮೇಲಿನ ಸಾಲುಗಳನ್ನಷ್ಟೇ ನಕಲು ಮಾಡಿದಂತೆ. ಚಿಪ್ ಓದಿದವನಿಗಾದರೋ ಆಟಗಾರನು ಎಂದೂ ಕಾಣದ, ತಯಾರಕರು ಬಳಸದೆ ಒಳಗೇ ಬಿಟ್ಟ ರೂಪಗಳೂ ದಕ್ಕುವುದುಂಟು. ಇನ್ನೊಂದು ತಮಾಷೆ: ದಾರಿಬದಿಯ ಕಟ್ಟಡವನ್ನು ತಿರುಗಿಸಿ ನೋಡಿದರೆ ಹಿಂಭಾಗವೇ ಇರುವುದಿಲ್ಲ. ಕಾಣದ ಕಡೆಗೆ ಕೆಲಸ ಮಾಡಿ ಯಂತ್ರವನ್ನು ದಣಿಸುವುದೇಕೆಂದು ಅವರು ಬಿಟ್ಟುಬಿಟ್ಟರು. ನಾಟಕದ ಪರದೆಯ ನ್ಯಾಯವೇ ಇಲ್ಲಿಯದೂ.

1994ರ ‘ಡೇಟೋನಾ’ ಎಂಬ ಕಾರು ಪಂದ್ಯದ ಆಟದಲ್ಲಿ ರಸ್ತೆಯ ಬದಿಗೆ ಒಬ್ಬ ಜಟ್ಟಿಯ ವಿಗ್ರಹ ನಿಂತಿದೆ. ಅವನು ‘ವರ್ಚುವಾ ಫೈಟರ್’ನ ಜೆಫ್ರಿ. ಒಂದು ಕಾಳಗದಲ್ಲಿ ಹೋರಾಡಿದವನು ಇನ್ನೊಂದು ದಾರಿಯ ಪಕ್ಕದಲ್ಲಿ ಕಲ್ಲಾಗಿ ನಿಂತಿದ್ದಾನೆ! ವೀರಗಲ್ಲುಗಳ ನಾಡಿನವರಿಗೆ ಇದು ಅಪರಿಚಿತವೆನಿಸದು.

ಕಲ್ಲು ಸಾವಿರ ವರ್ಷಕ್ಕೂ ಮಿಕ್ಕಿ ಬಾಳಿತು. ಚಿಪ್‌ಗೆ ಆ ಭಾಗ್ಯವಿಲ್ಲ. ಇಪ್ರಾಮ್ ಎಂಬ ಬಗೆಯ ಚಿಪ್‌ನ ನೆತ್ತಿಯಲ್ಲಿ ಸಣ್ಣ ಗಾಜಿನ ಕಿಟಕಿಯಿರುತ್ತದೆ. ಅದರ ಮೇಲಿನ ಚೀಟಿ ಉದುರಿ ಅತಿನೇರಳೆ ಕಿರಣ ಬಿದ್ದರೆ ಬರಹ ಅಳಿಸುತ್ತದೆ, ಬೀಳದಿದ್ದರೂ ದಶಕಗಳಲ್ಲಿ ತಾನಾಗಿ ಸೋರಿಹೋಗುತ್ತದೆ. ಕ್ಯಾಪ್ಕಾಮ್ ಸಂಸ್ಥೆಯು 1993ರಲ್ಲಿ ತಂದ ಸಿಪಿಎಸ್-2 ಎಂಬ ಯಂತ್ರದ ಕಥೆ ಇನ್ನೂ ವಿಷಾದಕರ. ಕಳ್ಳನಕಲನ್ನು ತಡೆಯಲು ಆಟವನ್ನು ಗೂಢಲಿಪಿಯಲ್ಲಿ ಬರೆದು, ಬಿಡಿಸುವ ಕೀಲಿಯನ್ನು ಬ್ಯಾಟರಿಯ ಆಸರೆಯಲ್ಲಿ ಜೀವಿಸುವ ಸ್ಮೃತಿಯಲ್ಲಿ ಇಟ್ಟರು. ಬ್ಯಾಟರಿ ಸತ್ತ ದಿನ ಕೀಲಿಯೂ ಹೋಯಿತು, ಹಣ ಕೊಟ್ಟು ಕೊಂಡವನ ಯಂತ್ರವೂ ಮೂಕವಾಯಿತು. ಆ ಗೂಢಲಿಪಿಯ ಸೂತ್ರವನ್ನು 2007ರಲ್ಲಿ ಪೂರ್ಣವಾಗಿ ಭೇದಿಸಿದವರು ಸಂಬಳಕ್ಕೆ ದುಡಿದವರಲ್ಲ, ಹವ್ಯಾಸಿಗಳು.

ಹಕ್ಕಿನ ಪ್ರಶ್ನೆ ಇಲ್ಲಿ ಏಳುತ್ತದೆ. ಶಾಸನದ ಅಕ್ಷರಕ್ಕೆ ಯಾರೂ ಒಡೆಯರಲ್ಲ. ಆಟದ ರೂಪಗಳಿಗೆ ಕಾನೂನಿನ ಒಡೆಯರಿದ್ದಾರೆ. ಒಡೆಯನ ಅಪ್ಪಣೆಯಿಲ್ಲದೆ ತೆಗೆದ ರೂಪವನ್ನು ಮಾರಿ ಹಣ ಮಾಡುವವನು ತಪ್ಪಿತಸ್ಥನೆಂಬುದರಲ್ಲಿ ಸಂಶಯವಿಲ್ಲ. ಆದರೆ ಹಕ್ಕನ್ನು ಮಾತ್ರ ಬಿಗಿಯಾಗಿ ಹಿಡಿದು ವಸ್ತುವನ್ನು ಕೊಳೆಯಲು ಬಿಟ್ಟ ಒಡೆಯನಿಗೆ ಏನೆನ್ನಬೇಕು? ಆತಕೂರಿನ ಕಲ್ಲು ಕೊರೆಸಿದವರು ಪೂಜೆಯಿಲ್ಲದೆ ಉಣ್ಣುವ ಗೊರವನ ವಿಷಯದಲ್ಲಿ ಸಂದೇಹಕ್ಕೆ ಎಡೆಗೊಡಲಿಲ್ಲ.

ಇತ್ತ ಹಳ್ಳಿಗಳಲ್ಲಿ ಬದುವಿನ ಮೇಲಿನ ವೀರಗಲ್ಲು ಒಗೆಯುವ ಕಲ್ಲಾಗಿ, ಮೋರಿಯ ಮೇಲಿನ ಚಪ್ಪಡಿಯಾಗಿ ಮಾರ್ಪಟ್ಟ ಉದಾಹರಣೆಗಳಿಗೆ ಬರವಿಲ್ಲ. ರಸ್ತೆ ಅಗಲಿಸುವಾಗ, ಬಡಾವಣೆ ಏಳುವಾಗ ಹೊರಟುಹೋದ ಕಲ್ಲುಗಳೂ ಇವೆ. ರೈಸ್ ಅವರ ಸಂಪುಟಗಳಲ್ಲಿ ಅಚ್ಚಾದ ಎಷ್ಟೋ ಶಾಸನಗಳಿಗೆ ಈಗ ಆ ಅಚ್ಚಿನ ಪುಟವೇ ನೆಲೆ. ಅಲ್ಲಿ ಅಕ್ಷರ ಉಳಿದಿದೆ. ಅಕ್ಷರ ಕೊರೆದವನ ಉಳಿಯ ಆಳ, ಕಲ್ಲಿನ ಮೈಯ ಒರಟು, ಪಕ್ಕದಲ್ಲಿ ಕಂಡರಿಸಿದ ಪ್ರಾಣಿಯ ಬೆನ್ನಿನ ಬಾಗು ಇವಾವುವೂ ಇಲ್ಲ. ಕಾಳಿಯ ಕಲ್ಲು ವಸ್ತುಸಂಗ್ರಹಾಲಯವನ್ನು ಸೇರಿದ್ದರಿಂದ ಅದರ ನಾಯಿ ಇನ್ನೂ ಹಂದಿಯ ಮೇಲೆ ಎರಗುತ್ತಲೇ ಇದೆ.