ಮೂಗಿನ ಕೆಳಗೊಂದು ಬೆರಳು

ದೊಡ್ಡಬಳ್ಳಾಪುರದಲ್ಲಿ ಮಗು ಮಲಗಿಸುವುದು ಕಷ್ಟವಲ್ಲ, ಕರೆಂಟು ಹೋಗಬಾರದು ಅಷ್ಟೆ. ನನ್ನ ತವರಿನ ಬೀದಿಯಲ್ಲಿ ಗೋಡೆಗೆ ಗೋಡೆ ಅಂಟಿಕೊಂಡ ಮನೆಗಳು, ಮನೆಗೆ ಎರಡೋ ನಾಲ್ಕೋ ವಿದ್ಯುತ್ ಮಗ್ಗ. ಬೆಳಗ್ಗೆ ಶುರುವಾದ ಸದ್ದು ರಾತ್ರಿ ಊಟದ ಹೊತ್ತಿಗೇ ನಿಲ್ಲುವುದು. ನಮ್ಮ ಯಜಮಾನರ ಊರು ನೆಲಮಂಗಲ. ಮದುವೆಯಾದ ಹೊಸತರಲ್ಲಿ ಅವರು ಇಲ್ಲಿಗೆ ಬಂದರೆ ತಲೆ ಹಿಡಿದುಕೊಂಡು ಕೂರುತ್ತಿದ್ದರು. ನಾನು ಅಲ್ಲಿ, ಸದ್ದಿಲ್ಲದ ಮನೆಯಲ್ಲಿ, ನಿದ್ದೆ ಬಾರದೆ ಹೊರಳಾಡುತ್ತಿದ್ದೆ.

ಸೀಮಂತಕ್ಕೆ ಬಂದವಳು ಇಲ್ಲೇ ಉಳಿದಿದ್ದೆ. ಹೆರಿಗೆಯಾಗಿ ಮನೆಗೆ ಬಂದ ಎರಡನೇ ದಿನ ಯಜಮಾನರು ಒಂದು ವಿಷಯ ಗಮನಿಸಿದರು. ಪಕ್ಕದ ಕೋಣೆಯಲ್ಲಿ ಅಪ್ಪ ಮಗ್ಗ ಹಾಕಿದರೂ ಮಗು ರೆಪ್ಪೆಯನ್ನೇ ಅಲುಗಿಸಲಿಲ್ಲ. "ಇವಳಿಗೆ ಕಿವಿ ಕೇಳಿಸುತ್ತಾ?" ಎಂದು ಮೆಲ್ಲಗೆ ಕೇಳಿದರು. ಅಲ್ಲಿಯವರೆಗೆ ನನಗೆ ಅದು ಹೊಳೆದೇ ಇರಲಿಲ್ಲ. ಹೊಳೆದ ಮೇಲೆ ಬೇರೆ ಏನೂ ಹೊಳೆಯಲಿಲ್ಲ. ಚಪ್ಪಾಳೆ ತಟ್ಟಿದೆವು, ಗಿಲಕಿ ಆಡಿಸಿದೆವು. ಕೊನೆಗೆ ಸ್ಟೀಲ್ ತಟ್ಟೆ, ಸೌಟು. ಮಗ್ಗದ ಸದ್ದನ್ನು ಮೀರಬೇಕಲ್ಲ, ಯಜಮಾನರು ಜೋರಾಗಿಯೇ ಬಡಿದರು. ಎದುರು ಮನೆಯ ಅಜ್ಜಿ ಬಾಗಿಲಿಗೆ ಬಂದು, "ಮತ್ತೆ ಕೊರೋನಾ ಬಂತೇನ್ರಪ್ಪಾ?" ಎಂದು ಗಾಬರಿಯಿಂದ ಕೇಳಿದರು. 2020ರ ಮಾರ್ಚ್ 22ರ ಸಂಜೆ ಊರೂರಲ್ಲಿ ತಟ್ಟೆ ಬಡಿದದ್ದು ಅವರ ನೆನಪಿನಲ್ಲಿತ್ತು. ಅವರಿಗೆ ಉತ್ತರ ಹೇಳುವಷ್ಟರಲ್ಲಿ ಕರೆಂಟು ಹೋಯಿತು. ಬೀದಿಯ ಮಗ್ಗಗಳೆಲ್ಲ ಒಮ್ಮೆಗೇ ನಿಂತವು. ಮಗು ಎಚ್ಚರಗೊಂಡು, ಎರಡೂ ಕೈ ಅಗಲಿಸಿ, ಕಿಟಾರನೆ ಅತ್ತಿತು. ನಾವಿಬ್ಬರೂ ನಕ್ಕೆವು. ನಕ್ಕು ಮುಗಿಸುವ ಮೊದಲೇ ನನಗೆ ಅಳು ಬಂತು.

ಬಸಿರಿನ ಆರನೇ ತಿಂಗಳ ಹೊತ್ತಿಗೆ ಕೂಸಿಗೆ ಹೊರಗಿನ ಸದ್ದು ಕೇಳತೊಡಗುತ್ತದೆ. ನಮ್ಮ ಮಗಳು ಹುಟ್ಟುವ ಮೊದಲೇ ಮಗ್ಗದ ಸದ್ದಿಗೆ ಒಗ್ಗಿಕೊಂಡಿದ್ದಳು. ಆಮೇಲೆ ವೈದ್ಯರು ಕಿವಿಗೆ ಬಿರಡೆಯಂಥದ್ದನ್ನು ಇಟ್ಟು ಪರೀಕ್ಷೆ ಮಾಡಿ ಎಲ್ಲ ಸರಿಯಿದೆ ಎಂದರು. ತಟ್ಟೆ ಬಡಿದು ತಿಳಿಯುವಂಥದ್ದಲ್ಲ ಅದು. ಇನ್ನು ಆ ಕೈ ಅಗಲಿಸುವಿಕೆ. ಅದು ದಿನಕ್ಕೆ ಹತ್ತು ಸಲ ಆಗುತ್ತಿತ್ತು, ಫಿಟ್ಸ್ ಇರಬಹುದೇ ಎಂದು ನಾನು ಎರಡು ದಿನ ಒಳಗೊಳಗೇ ಬೆಂದಿದ್ದೆ. 1918ರಲ್ಲಿ ಅರ್ನ್ಸ್ಟ್ ಮೋರೊ ಎಂಬ ಮಕ್ಕಳ ವೈದ್ಯರು ಅದನ್ನು ವಿವರಿಸಿ ಬರೆದರು, ಅವರ ಹೆಸರೇ ಅದಕ್ಕೆ ನಿಂತಿದೆ. ಕೂಸು ಬೆಚ್ಚಿದಾಗ ತಬ್ಬಿಕೊಳ್ಳಲು ಹೊರಟಂತೆ ಕೈ ಚಾಚುತ್ತದೆ, ಕೆಲವು ತಿಂಗಳಲ್ಲಿ ತಾನಾಗಿ ನಿಲ್ಲುತ್ತದೆ. ಅಮ್ಮನಿಗೆ ಮೋರೊ ಗೊತ್ತಿರಲಿಲ್ಲ. "ಬೆಚ್ತದೆ ಕಣೇ, ಎದೆ ಮೇಲೆ ಕೈ ಇಡು" ಎಂದಿದ್ದಳು. ಇಟ್ಟರೆ ನಿಲ್ಲುತ್ತಿತ್ತು.

ಆಶಾ ಕಾರ್ಯಕರ್ತೆ ಅಕ್ಕ ಬಂದದ್ದು ಇನ್ನೊಂದು ಕಥೆಗೆ ಕಾರಣವಾಯಿತು. ಆಸ್ಪತ್ರೆಯಲ್ಲಿ ಹೆರಿಗೆಯಾದ ಮನೆಗೆ ಅವರು 3, 7, 14, 21, 28, 42ನೇ ದಿನಗಳಲ್ಲಿ ಬಂದು ಮಗುವನ್ನು ನೋಡಬೇಕು. ಅವರು ಏಳನೇ ದಿನ ಮಗುವಿನ ಅಂಗಿ ಎತ್ತಿ, ಗಡಿಯಾರ ನೋಡುತ್ತ, ಒಂದು ನಿಮಿಷ ಉಸಿರು ಎಣಿಸಿದರು. ಅರವತ್ತಕ್ಕಿಂತ ಕಡಿಮೆ ಇರಬೇಕು ಎಂದರು. ಅದನ್ನು ನನ್ನ ಮುಂದೆ ಹೇಳಿದ್ದೇ ಸಾಕಾಯಿತು. ಅವತ್ತಿನಿಂದ ಮೊಬೈಲ್ ಹಿಡಿದು ನಾನೂ ಎಣಿಸತೊಡಗಿದೆ. ನಲವತ್ತೆರಡು. ನಲವತ್ತೆಂಟು. ಅತ್ತು ಸುಮ್ಮನಾದ ಮೇಲೆ ಅರವತ್ತೆರಡು. ಎದೆ ಧಸಕ್ಕೆಂದಿತು, ಮತ್ತೆ ಎಣಿಸಿದರೆ ಐವತ್ತು. ಇದಕ್ಕಿಂತ ಕಷ್ಟ ಎಂದರೆ, ನಡುವೆ ಐದಾರು ಸೆಕೆಂಡು ಉಸಿರೇ ನಿಂತಂತಾಗುವುದು. ಎಳೆಗೂಸುಗಳಲ್ಲಿ ಅದು ಸಹಜ, ಹತ್ತು ಸೆಕೆಂಡಿನೊಳಗೆ ಮತ್ತೆ ಬರುತ್ತದೆ. ಸರಿರಾತ್ರಿಯಲ್ಲಿ ಕತ್ತಲ ಕೋಣೆಯಲ್ಲಿ ಆ ಐದು ಸೆಕೆಂಡು ಎಷ್ಟು ಉದ್ದ ಎಂಬುದು ಬಾಣಂತಿಯಾಗಿದ್ದವರಿಗೆ ಗೊತ್ತು.

ಆಗ ಸಿಕ್ಕಿದ್ದು ಅಪ್ಪನ ಗಡ್ಡದ ಕನ್ನಡಿ. ಕನ್ನಡಿ ಕಂಡರೆ ನನಗೆ ಘಾಟಿ ಸುಬ್ರಹ್ಮಣ್ಯ ದೇವಸ್ಥಾನದ ನೆನಪು. ಅಲ್ಲಿ ಒಂದೇ ಶಿಲೆಯಲ್ಲಿ ಪೂರ್ವಕ್ಕೆ ಸುಬ್ರಹ್ಮಣ್ಯ, ಪಶ್ಚಿಮಕ್ಕೆ ನರಸಿಂಹ. ಹಿಂದಿರುವ ನರಸಿಂಹನನ್ನು ಭಕ್ತರು ಕನ್ನಡಿಯಲ್ಲಿ ನೋಡುತ್ತಾರೆ. ಮದುವೆಯಾಗಿ ಆರು ವರ್ಷ ಮಕ್ಕಳಾಗದೆ, ಅಲ್ಲಿ ನಾಗರಕಲ್ಲು ಪ್ರತಿಷ್ಠೆ ಮಾಡಿಸಿ ಬಂದವರು ನಾವು. ಆ ಕನ್ನಡಿಯ ಮುಂದೆ ಕೈಮುಗಿದು ಬೇಡಿದ್ದು ಇದೇ ಉಸಿರನ್ನು. ನನ್ನ ಬಾಣಂತನ ಪುಷ್ಯ ಮಾಸದ ಚಳಿಯಲ್ಲಿ, ಘಾಟಿಯ ದನಗಳ ಜಾತ್ರೆಗೆ ಹೋಗುವ ಗಾಡಿಗಳ ಸದ್ದು ನಸುಕಿನಲ್ಲಿ ಕೇಳುತ್ತಿತ್ತು. ಮಗುವಿನ ಮೂಗಿನ ಕೆಳಗೆ ಕನ್ನಡಿ ಹಿಡಿದರೆ ಹುಣಸೆ ಬೀಜದಷ್ಟು ಮಂಜು ಕೂರುತ್ತಿತ್ತು. ಬೆಳಗ್ಗೆ ಅಪ್ಪ ಕನ್ನಡಿಗಾಗಿ ಮನೆಯೆಲ್ಲ ಹುಡುಕಿದರು. ಅದು ನನ್ನ ದಿಂಬಿನಡಿ ಇತ್ತು.

ನಾನೊಬ್ಬಳೇ ಅಲ್ಲ ಅಂತ ತಿಳಿದದ್ದು ಹೊಸಕೋಟೆಯಿಂದ ಭಾವ ಬಂದಾಗ. ಅವರದು ತರಕಾರಿ ಮಂಡಿ. ತಮ್ಮ ಮೊದಲ ಮಗನನ್ನು ದಿನಾ ಬೆಳಗ್ಗೆ ತಕ್ಕಡಿಯಲ್ಲಿ ಟವೆಲ್ ಹಾಸಿ ತೂಗುತ್ತಿದ್ದರಂತೆ. ಹುಟ್ಟಿದ ಮೊದಲ ದಿನಗಳಲ್ಲಿ ಕೂಸಿನ ತೂಕ ನೂರಕ್ಕೆ ಏಳು, ಹತ್ತು ಪಾಲು ಇಳಿದು, ಎರಡು ವಾರದೊಳಗೆ ಮತ್ತೆ ಏರುತ್ತದೆ. ಅದು ತಿಳಿಯದೆ, "ಇನ್ನೂರು ಗ್ರಾಂ ಕಮ್ಮಿ ಬಂತಮ್ಮಾ, ಅವತ್ತು ವ್ಯಾಪಾರವೇ ಮಾಡಲಿಲ್ಲ" ಎಂದರು. ಟೊಮೆಟೊ ಲೆಕ್ಕದ ಪುಸ್ತಕದಲ್ಲೇ ಮಗನ ತೂಕ ಬರೆದದ್ದು ಇವತ್ತಿಗೂ ಅವರ ಬೀರುವಿನಲ್ಲಿದೆ.

ಆದರೆ ಊರಿಗೆಲ್ಲ ಗೊತ್ತಾದದ್ದು ನೀಲಿ ಕಾಲಿನ ಸಂಗತಿ. ಜೋಲಿ ಕಟ್ಟಲು ಅಮ್ಮ ಹಳೇ ಕಾಟನ್ ಸೀರೆ ಎತ್ತಿಟ್ಟಿದ್ದಳು. ಅಪ್ಪನಿಗೆ ಮೊಮ್ಮಗಳು ತಾನು ನೇಯ್ದ ಸೀರೆಯಲ್ಲೇ ತೂಗಬೇಕೆಂಬ ಆಸೆ. ಮಗ್ಗದಿಂದ ಇಳಿದ ಕಡುನೀಲಿ ಸೀರೆಯಲ್ಲಿ ಜೋಲಿ ಕಟ್ಟಿದರು. ಒಂಬತ್ತನೇ ದಿನ ರಾತ್ರಿ ಹನ್ನೊಂದಕ್ಕೆ, ಒದ್ದೆ ಮಾಡಿಕೊಂಡ ಮಗುವನ್ನು ಅಪ್ಪ ಎತ್ತಿದರೆ ಎರಡೂ ಪಾದ ನೀಲಿ, ಕೈ ಬೆರಳೂ ನೀಲಿ. ಅಪ್ಪ ಕೂಗಿದ ಕೂಗಿಗೆ ಬೀದಿ ಎದ್ದಿತು. ಪಕ್ಕದ ಮನೆಯವರ ಓಮ್ನಿ. ಕಿವಿಗೆ ಹತ್ತಿ, ತಲೆಗೆ ಸ್ಕಾರ್ಫ್ ಕಟ್ಟಿದ ನಾನು, ಬರಿಗಾಲಲ್ಲಿ ಅಪ್ಪ, ಎರಡು ಬೇರೆ ಬೇರೆ ಚಪ್ಪಲಿಯಲ್ಲಿ ಯಜಮಾನರು, ಫ್ಲಾಸ್ಕ್ ಹಿಡಿದು ಅಮ್ಮ.

ವೈದ್ಯೆ ಮೊದಲು ನೋಡಿದ್ದು ತುಟಿ ಮತ್ತು ನಾಲಿಗೆ. ಎರಡೂ ಗುಲಾಬಿ. ಎದೆಗೆ ಸ್ಟೆತೊಸ್ಕೋಪ್ ಇಟ್ಟು ಕೇಳಿದರು. ಆಮೇಲೆ ಒದ್ದೆ ಹತ್ತಿಯಿಂದ ಪಾದ ಒರೆಸಿದರು. ಹತ್ತಿ ನೀಲಿಯಾಯಿತು, ಪಾದ ಕೆಂಪಾಯಿತು. ಅಪ್ಪನ ಅಂಗೈ ನೋಡಿದರು, ಅದೂ ನೀಲಿ. "ನೇಯ್ಗೆಯವರಾ?" ಎಂದರು. ಅಪ್ಪ ತಲೆಯಾಡಿಸಿದರು, ಮಾತು ಹೊರಡಲಿಲ್ಲ. ಆಯಮ್ಮ ನಗಲಿಲ್ಲ, ಅದನ್ನು ನಾನು ಮರೆಯಲಾರೆ. "ಬಂದಿದ್ದು ಒಳ್ಳೇದೇ ಆಯ್ತು. ತುಟಿ ನೀಲಿಯಾದ್ರೆ, ಹಾಲು ಕುಡಿಯೋದು ಬಿಟ್ರೆ, ಪಕ್ಕೆ ಒಳಗೆ ಎಳೆದ್ರೆ, ಮೈ ಕಾದ್ರೆ, ಎಷ್ಟೊತ್ತಾದ್ರೂ ಹೀಗೇ ಓಡಿ ಬನ್ನಿ" ಎಂದರು.

ಬೆಳಗ್ಗೆ ಅಪ್ಪ ಆ ಸೀರೆಯನ್ನು ನಲ್ಲಿಯಡಿ ಮೂರು ನೀರು ತೊಳೆದರು. ಮೂರನೆಯ ನೀರೂ ನೀಲಿ. ಬಣ್ಣದವರ ಹತ್ತಿರ ನೂಲು ತರುವಾಗ ಈಗಲೂ ಒಂದೆಳೆ ನೆನೆಸಿ, ಬಿಳಿ ಬಟ್ಟೆಗೆ ಒತ್ತಿ ನೋಡಿಯೇ ತರುತ್ತಾರೆ.

ಆ ಎಲ್ಲ ದಿನಗಳಲ್ಲಿ ಅಮ್ಮ ಒಬ್ಬಳೇ ಗಾಬರಿಯಾಗದೆ ಇದ್ದದ್ದು. "ನಿಮ್ಮನ್ನೆಲ್ಲ ಹೀಗೇ ಸಾಕಿದ್ದಾ ನಾವು?" ಎನ್ನುತ್ತ ಸಾಂಬ್ರಾಣಿ ಹೊಗೆ ಹಾಕುವಳು, ಮೆಣಸಿನ ಸಾರು ಬಡಿಸುವಳು, ದೀಪ ಆರಿಸಿ ಮಲಗುವಳು. ಹದಿನೈದನೇ ರಾತ್ರಿ ಇರಬೇಕು. ಎಣಿಸುವುದನ್ನು ಬಿಟ್ಟು ಕಣ್ಣು ಮುಚ್ಚಿದ್ದೆ, ನಿದ್ದೆ ಬಂದಿರಲಿಲ್ಲ. ಮಗ್ಗಗಳು ನಿಂತು ಎಷ್ಟೋ ಹೊತ್ತಾಗಿತ್ತು. ಚಾಪೆ ಸರಿದ ಸದ್ದಾಯಿತು. ಅಮ್ಮ ಕತ್ತಲಲ್ಲೇ ಬಂದು ಬಗ್ಗಿ ಮಗುವಿನ ಮೂಗಿನ ಕೆಳಗೆ ಬೆರಳು ಹಿಡಿದಳು. ಒಂದು, ಎರಡು, ಮೂರು ಉಸಿರು. ಆಮೇಲೆ ಆ ಬೆರಳು, ಬೆಳ್ಳುಳ್ಳಿ ವಾಸನೆಯ ಒರಟು ಬೆರಳು, ನನ್ನ ಮೂಗಿನ ಕೆಳಗೆ ಬಂದು ನಿಂತಿತು.