ಹಿಂಡಲಗಾದ ಕುದುರೆಗೆ ಹುಲ್ಲಿನ ಲೆಕ್ಕ

ಬೆಳಗಾವಿಯ ಕ್ಯಾಂಪ್ ಪ್ರದೇಶವನ್ನು ದಾಟಿ ವೆಂಗುರ್ಲಾ ರಸ್ತೆ ಹಿಡಿದರೆ ಊರು ಮುಗಿಯಿತು ಎನ್ನುವಷ್ಟರಲ್ಲಿ ಹಿಂಡಲಗಾ ಬಂದುಬಿಡುತ್ತದೆ. ರಾಜ್ಯದ ಬಹುಪಾಲು ಜನರಿಗೆ ಈ ಹೆಸರು ಗೊತ್ತಿರುವುದು ಅಲ್ಲಿನ ಕೇಂದ್ರ ಕಾರಾಗೃಹದಿಂದ. ಬೆಳಗಾವಿಯವರಿಗೆ ಗಣಪತಿ ಗುಡಿಯಿಂದ. ಆದರೆ ಡಿಸೆಂಬರ್‌ನಿಂದ ಫೆಬ್ರುವರಿಯವರೆಗೆ ಈ ಸುತ್ತಿನ ರಸ್ತೆಗಳಲ್ಲಿ ಓಡಾಡುವವರ ಕಣ್ಣಿಗೆ ಬೀಳುವ ಇನ್ನೊಂದು ನೋಟವಿದೆ. ಎರಡೂ ಬದಿಗೆ ಉಬ್ಬಿಕೊಂಡು, ಹಿಂದೆ ಬರುವ ಬಸ್ಸಿಗೆ ದಾರಿಯೇ ಕಾಣದಂತೆ ಹುಲ್ಲು ಹೇರಿಕೊಂಡ ಟ್ರ್ಯಾಕ್ಟರುಗಳು ತೇಲಾಡುತ್ತ ಸಾಗುತ್ತವೆ. ಎಮ್ಮೆ ಕಟ್ಟಿದವರು, ಎತ್ತು ಸಾಕಿದವರು, ಇನ್ನೂ ಕುದುರೆ ಬಿಡದೆ ಉಳಿಸಿಕೊಂಡಿರುವ ಕೆಲವರು ಆ ಟ್ರ್ಯಾಕ್ಟರಿನ ದಾರಿ ಕಾಯುತ್ತಾರೆ.

ಹಿಮ ಬೀಳುವ ನಾಡುಗಳಲ್ಲಿ ಕುದುರೆ ಸಾಕುವವರಿಗೆ ಚಳಿಗಾಲವೆಂದರೆ ದಿಗಿಲು. ನೆಲ ಹೆಪ್ಪುಗಟ್ಟಿ, ಮೇವು ಹಿಮದಡಿ ಮುಚ್ಚಿಹೋಗುತ್ತದೆ. ಆದ್ದರಿಂದ ಬೇಸಿಗೆಯಲ್ಲೇ ಹುಲ್ಲು ಕೊಯ್ದು ಒಣಗಿಸಿ ಕೂಡಿಡುತ್ತಾರೆ. ನಮ್ಮಲ್ಲಿ ಎಲ್ಲವೂ ತಿರುವುಮುರುವು. ಇಲ್ಲಿ ಚಳಿಗಾಲವೇ ಸುಗ್ಗಿ. ಮೇವು ಅಗ್ಗವಾಗುವುದು ಆಗಲೇ. ಕಷ್ಟ ಶುರುವಾಗುವುದು ಬಯಲು ಒಣಗುವ ಏಪ್ರಿಲ್‌ನಲ್ಲಿ. ಜೂನ್‌ನಲ್ಲಿ ಮಳೆ ಹಿಡಿದು ಹಸಿರು ಚಿಗುರಿದರೂ ಅದು ಮುಗಿಯುವುದಿಲ್ಲ. ಎಳೆ ಹುಲ್ಲಿನಲ್ಲಿ ಐದು ಪಾಲಿಗೆ ನಾಲ್ಕು ಪಾಲು ನೀರೇ. ಕುದುರೆಯ ಹೊಟ್ಟೆ ಅದರಿಂದ ತುಂಬಿದಂತೆ ಕಂಡೀತು, ಕಸುವು ಬಾರದು. ಜೊತೆಗೆ ಒಣಮೇವು ಬೇಕೇಬೇಕು.

ಎಮ್ಮೆಗೆ ಹಾಕಿದ್ದನ್ನೇ ಕುದುರೆಗೂ ಹಾಕಿದರಾಯಿತಲ್ಲ ಎಂದು ಮಕ್ಕಳು ಕೇಳಬಹುದು. ಅಲ್ಲೇ ತೊಡಕು. ದನ ಮೆಲುಕು ಹಾಕುವ ಪ್ರಾಣಿ. ಅದರ ನಾಲ್ಕು ಕೋಣೆಗಳ ಹೊಟ್ಟೆಯಲ್ಲಿ ಒರಟು ಹುಲ್ಲೂ ಕೊಳೆತು ಪಾಕವಾಗುತ್ತದೆ. ಕುದುರೆಗೆ ಒಂದೇ ಹೊಟ್ಟೆ, ಅದೂ ದೇಹಕ್ಕೆ ಹೋಲಿಸಿದರೆ ಚಿಕ್ಕದು. ನಾರು ಜೀರ್ಣವಾಗುವುದು ಹಿಂದಿನ ದೊಡ್ಡ ಕರುಳಿನಲ್ಲಿ. ಹಾಗಾಗಿ ಅದು ದಿನವಿಡೀ ಸ್ವಲ್ಪ ಸ್ವಲ್ಪವಾಗಿ ತಿನ್ನುತ್ತಲೇ ಇರಬೇಕು. ಇನ್ನೂ ಒಂದು ವಿಚಿತ್ರವೆಂದರೆ ಕುದುರೆಗೆ ವಾಂತಿ ಮಾಡಲು ಆಗುವುದಿಲ್ಲ. ಬೂಸಲು ಹಿಡಿದ ಹುಲ್ಲು ಒಮ್ಮೆ ಒಳಗೆ ಹೋಯಿತೆಂದರೆ ಹೊರಬರುವ ದಾರಿ ಒಂದೇ. ಹೊಟ್ಟೆಶೂಲೆ ಎದ್ದು ರಾತ್ರಿ ಬೆಳಗಾಗುವುದರೊಳಗೆ ಪ್ರಾಣ ಹೋದರೂ ಹೋಯಿತೇ. ಮೇವಿನಲ್ಲಿ ಉಳಿಸಲು ಹೋಗಿ ಕುದುರೆಯನ್ನೇ ಕಳೆದುಕೊಂಡವರ ಕಥೆ ಕುದುರೆ ಸಾಕುವ ಎಲ್ಲ ಊರುಗಳಲ್ಲೂ ಸಿಗುತ್ತದೆ.

ನಮ್ಮ ಪೂರ್ವಿಕರಿಗೆ ಇದು ಗೊತ್ತಿಲ್ಲದ್ದೇನಲ್ಲ. ಕುದುರೆಯ ರೋಗ ಮತ್ತು ಚಿಕಿತ್ಸೆಯ ಬಗ್ಗೆ ಅಭಿನವಚಂದ್ರನೆಂಬ ಕವಿ ಕನ್ನಡದಲ್ಲೇ ‘ಅಶ್ವವೈದ್ಯ’ ಬರೆದಿಟ್ಟಿದ್ದಾನೆ. ವಿಜಯನಗರದ ಕಾಲದಲ್ಲಿ ಅರಬ್ಬಿ ಕುದುರೆಗಳು ಹಡಗಿನಲ್ಲಿ ಗೋವಾ, ಭಟ್ಕಳಗಳಿಗೆ ಬಂದಿಳಿದು ಘಟ್ಟ ಹತ್ತುತ್ತಿದ್ದವು. ಆ ಮೊದಲೇ, 13ನೆಯ ಶತಮಾನದ ಕೊನೆಯಲ್ಲಿ ದಕ್ಷಿಣ ಭಾರತಕ್ಕೆ ಬಂದ ಮಾರ್ಕೊ ಪೋಲೊ, ಇಲ್ಲಿನ ಅರಸರು ರಾಶಿ ಹಣ ಸುರಿದು ಕೊಳ್ಳುವ ಕುದುರೆಗಳು ಬಹುಬೇಗ ಸಾಯುತ್ತವೆಂದು ಬರೆದ. ಅವುಗಳಿಗೆ ಬೇಯಿಸಿದ ಅನ್ನ, ಮಾಂಸ ತಿನ್ನಿಸುತ್ತಾರೆಂಬುದು ಅವನ ಅಚ್ಚರಿ. ಒಳ್ಳೆಯ ಹುಲ್ಲಿಲ್ಲದ ಕಡೆ ಜನ ಏನಾದರೂ ಹಾಕಿ ನೋಡುತ್ತಾರೆ! ಕುದುರೆಗೆ ನಿಜಕ್ಕೂ ಒಗ್ಗಿದ್ದು ಬೇಯಿಸಿದ ಹುರಳಿ. ಇಂಗ್ಲಿಷರು ಆ ಕಾಳಿಗೆ ಕುದುರೆಯ ಹೆಸರನ್ನೇ ಇಟ್ಟರು. ಆದರೆ ಹುರಳಿ ಎಷ್ಟೇ ಕೊಟ್ಟರೂ ಹುಲ್ಲಿನ ಜಾಗವನ್ನು ಅದು ತುಂಬಲಾರದು.

ಹಿಂಡಲಗಾ ಇರುವ ಜಾಗ ನೋಡಿದರೆ ಹುಲ್ಲಿಗೆ ಬರವೇಕೆ ಎಂದು ಯಾರಿಗೂ ಅನ್ನಿಸಬೇಕು. ನೈಋತ್ಯಕ್ಕೆ ಖಾನಾಪುರ ತಾಲ್ಲೂಕು, ಅದರಾಚೆ ಸಹ್ಯಾದ್ರಿಯ ಅಂಚು. ಮಲಪ್ರಭೆ ಹುಟ್ಟುವ ಕಣಕುಂಬಿಯಲ್ಲಿ ಮಳೆಗಾಲ ಶುರುವಾದರೆ ವಾರಗಟ್ಟಲೆ ಸೂರ್ಯನ ಮುಖ ಕಾಣದು. ಗುಡ್ಡವೆಲ್ಲ ಹುಲ್ಲೇ ಹುಲ್ಲು. ಆದರೆ ಆ ಹುಲ್ಲು ರಸವತ್ತಾಗಿರುವ ಆಗಸ್ಟ್, ಸೆಪ್ಟೆಂಬರ್‌ಗಳಲ್ಲಿ ಕೊಯ್ದರೆ ಒಣಗಿಸಲು ಬಿಸಿಲಿಲ್ಲ. ಬಿಸಿಲು ಬಂದು ನವೆಂಬರ್‌ನಲ್ಲಿ ಕುಡುಗೋಲು ಹಾಕುವ ಹೊತ್ತಿಗೆ ಹುಲ್ಲು ತೆನೆಯೊಡೆದು ಬಲಿತು ಕರಡವಾಗಿರುತ್ತದೆ. ಸತ್ವವೆಲ್ಲ ಬೀಜಕ್ಕೆ ಹೋಗಿ ಉದುರಿಯೂ ಆಗಿದೆ. ಕೆಲವು ಜಾತಿಯ ಹುಲ್ಲಿನ ಚೂಪು ಊಬು ಕುದುರೆಯ ನಾಲಿಗೆ, ಒಸಡಿಗೆ ಚುಚ್ಚಿ ಹುಣ್ಣಾಗುವುದೂ ಉಂಟು. ಇನ್ನು ಖಾನಾಪುರದ ಭತ್ತದ ಹುಲ್ಲು. ಈ ಕಡೆ ಮರಾಠಿ ಮಾತಾಡುವವರು ಅದನ್ನು ಪಿಂಜರ ಎನ್ನುತ್ತಾರೆ. ಅದು ಹೇರಳವಾಗಿ ಸಿಗುತ್ತದೆ, ಅಗ್ಗವೂ ಹೌದು. ಎಮ್ಮೆ ಅದನ್ನು ತಿಂದು ಹಾಲು ಕೊಟ್ಟೀತು, ಕುದುರೆಗೆ ಮಾತ್ರ ಅದು ಬಡ ಊಟ. ಅದರಲ್ಲಿ ಮರಳಿನ ಅಂಶವೇ ಹೆಚ್ಚು, ಸತ್ವ ಕಡಿಮೆ. ಗತಿಯಿಲ್ಲದಾಗ ಹಾಕುತ್ತಾರೆ.

ಕುದುರೆಯವರು ಹುಡುಕುವುದು ಪೂರ್ವದ ಕಡೆಯ ಮೇವನ್ನು. ಬೈಲಹೊಂಗಲ, ಸವದತ್ತಿ ಸೀಮೆಯ ಎರೆಹೊಲಗಳಲ್ಲಿ ಹಿಂಗಾರಿ ಬಿಳಿಜೋಳ ಫೆಬ್ರುವರಿ, ಮಾರ್ಚ್ ಹೊತ್ತಿಗೆ ಕೊಯ್ಲಿಗೆ ಬರುತ್ತದೆ. ಮಾಲದಂಡಿಯಂಥ ತಳಿಯನ್ನು ರೈತ ಇಂದಿಗೂ ಬಿಡದಿರುವುದು ರೊಟ್ಟಿಗಾಗಿ ಎಷ್ಟೋ, ಕಣಿಕೆಗಾಗಿಯೂ ಅಷ್ಟೇ. ಎತ್ತರಕ್ಕೆ ಬೆಳೆದ ಸಿಹಿ ದಂಟು ಚಳಿಗಾಲದ ಒಣಹವೆಯಲ್ಲಿ ಹಸಿರುಬಣ್ಣ ಉಳಿಸಿಕೊಂಡೇ ಒಣಗುತ್ತದೆ. ಅದನ್ನು ಸಣ್ಣಗೆ ಕತ್ತರಿಸಿ ಹಾಕಿದರೆ ಕುದುರೆ ಚೆಲ್ಲದೆ ತಿನ್ನುತ್ತದೆ. ಹಾಗೇ ಹಾಕಿದರೆ ಗರಿ ಮಾತ್ರ ತಿಂದು ದಂಟನ್ನು ತುಳಿದು ಹಾಳು ಮಾಡುತ್ತದೆ. ಎಳೆಯ ಹಸಿ ಜೋಳದ ಮೇವಿನಲ್ಲಿ ವಿಷವಿರುತ್ತದಾದ್ದರಿಂದ ಅದನ್ನು ಯಾರೂ ಹಾಕುವುದಿಲ್ಲ. ಮಳೆಯಿರುವ ಪಶ್ಚಿಮದಲ್ಲಿ ಹುಲ್ಲು ಒಣಗದು, ಒಣಗುವ ಪೂರ್ವದಿಂದ ತರಿಸಲು ಬಾಡಿಗೆ ತೆರಬೇಕು. ಹಿಂಡಲಗಾ ಈ ಎರಡರ ನಡುವೆ ಕೂತಿದೆ.

ಬಾಡಿಗೆ ಎಂದೊಡನೆ ಇನ್ನೊಂದು ಮಾತು. ಕಟ್ಟದ ಹುಲ್ಲಿನ ಹೇರಿನಲ್ಲಿ ಹುಲ್ಲಿಗಿಂತ ಗಾಳಿಯೇ ಹೆಚ್ಚು. ಟ್ರ್ಯಾಕ್ಟರ್ ತುಂಬಿದಂತೆ ಕಂಡರೂ ತೂಕ ಅಷ್ಟಕ್ಕಷ್ಟೆ. ಗಾಳಿಗೂ ಸೇರಿಸಿ ಬಾಡಿಗೆ ಕೊಡುವ ವ್ಯಾಪಾರವಿದು. ಇದನ್ನು ಮೊದಲು ಅರಿತು ದಾರಿ ಹುಡುಕಿದ್ದು ಸೇನೆ. ಸಾವಿರಾರು ಕುದುರೆ, ಹೇಸರಗತ್ತೆಗಳನ್ನು ಸಾಕಬೇಕಿದ್ದ ಬ್ರಿಟಿಷ್ ಸೇನೆ ದಂಡುಪ್ರದೇಶಗಳ ಪಕ್ಕದಲ್ಲೇ ಹುಲ್ಲುಗಾವಲು ಕಾದಿರಿಸಿ, ಹುಲ್ಲನ್ನು ಯಂತ್ರದಲ್ಲಿ ಒತ್ತಿ ಪೆಂಡಿ ಕಟ್ಟಿಸುತ್ತಿತ್ತು. 1889ರಲ್ಲಿ ಅಲಹಾಬಾದಿನಲ್ಲಿ ಆರಂಭವಾದ ಮಿಲಿಟರಿ ಫಾರ್ಮುಗಳು ಹಾಲಿನ ಜೊತೆಗೆ ಸೇನೆಯ ಪ್ರಾಣಿಗಳಿಗೆ ಒಣಹುಲ್ಲನ್ನೂ ಒದಗಿಸುತ್ತಿದ್ದವು. ದೊಡ್ಡ ದಂಡುಪ್ರದೇಶವಾದ ಬೆಳಗಾವಿಯಲ್ಲೂ ಅಂಥ ಒಂದು ಫಾರ್ಮ್ ಇತ್ತು. ದೇಶದ ಎಲ್ಲ ಮಿಲಿಟರಿ ಫಾರ್ಮುಗಳಿಗೂ 2021ರ ಮಾರ್ಚ್ ಕೊನೆಗೆ ಬೀಗ ಬಿತ್ತು. ಸೇನೆಗೆ ಟ್ರಕ್ಕು ಬಂದು, ಕುದುರೆ ಹೋಗಿ ದಶಕಗಳೇ ಕಳೆದಿದ್ದವು.

ಸೇನೆಗೆ ಖಜಾನೆಯಿತ್ತು. ಟಾಂಗಾ ಹೊಡೆಯುವವನಿಗೆ ಇರಲಿಲ್ಲ. ಈ ಮಾತನ್ನು ಶಾಲೆಯ ಮಕ್ಕಳು ಹಾಳೆ, ಪೆನ್ಸಿಲ್ ಹಿಡಿದು ತಾವೇ ನೋಡಬಹುದು. 300 ಕಿಲೋ ತೂಗುವ ಒಂದು ಕುದುರೆಗೆ ದಿನಕ್ಕೆ ತನ್ನ ತೂಕದ ಶೇ. 2ರಷ್ಟು, ಅಂದರೆ 6 ಕಿಲೋ ಒಣಮೇವು ಬೇಕು. ಏಪ್ರಿಲ್‌ನಿಂದ ಜುಲೈವರೆಗಿನ 122 ದಿನಗಳಿಗೆ 732 ಕಿಲೋ. ಮೇವಿನ ದರ ವರ್ಷವರ್ಷಕ್ಕೂ ಬದಲಾಗುವುದರಿಂದ, ಬರೀ ಲೆಕ್ಕಕ್ಕಾಗಿ, ಜನವರಿಯಲ್ಲಿ ಕಿಲೋಗೆ 6 ರೂಪಾಯಿ, ಬೇಸಿಗೆ-ಮಳೆಗಾಲಗಳಲ್ಲಿ 10 ರೂಪಾಯಿ ಎಂದಿಟ್ಟುಕೊಳ್ಳೋಣ. ದಿನದಿನವೂ ಕೊಂಡು ಹಾಕುವವನಿಗೆ 7,320 ರೂಪಾಯಿ ಬೀಳುತ್ತದೆ. ಜನವರಿಯಲ್ಲೇ ಕೊಂಡವನಿಗೆ 4,392. ಉಳಿತಾಯ 2,928 ರೂಪಾಯಿ. ಹಾಗಿದ್ದರೆ ಎಲ್ಲರೂ ಜನವರಿಯಲ್ಲೇ ಏಕೆ ಕೊಳ್ಳುವುದಿಲ್ಲ?

ಕೊಂಡದ್ದೆಲ್ಲ ಕುದುರೆಯ ಬಾಯಿಗೆ ಹೋಗುವುದಿಲ್ಲ. ತಗಡಿನ ಮಾಡು ಸೋರುತ್ತದೆ, ನೆಲದ ತೇವ ಏರುತ್ತದೆ, ಇಲಿ ಹೊಕ್ಕುತ್ತದೆ. ಐದರಲ್ಲೊಂದು ಪಾಲು ಕೆಟ್ಟಿತೆಂದರೆ 732 ಕಿಲೋ ಉಳಿಯಲು 915 ಕಿಲೋ ಕೊಳ್ಳಬೇಕು; 5,490 ರೂಪಾಯಿ ಆಯಿತು. ದಿನದ ದುಡಿಮೆಯಲ್ಲಿ ಬದುಕುವವನ ಕೈಯಲ್ಲಿ ಅಷ್ಟು ಹಣ ಒಟ್ಟಿಗೆ ಎಲ್ಲಿಂದ? ತಿಂಗಳಿಗೆ ನೂರಕ್ಕೆ ಮೂರರಂತೆ ಕೈಸಾಲ ತಂದು ಆಗಸ್ಟ್‌ನಲ್ಲಿ ತೀರಿಸಿದರೆ ಏಳು ತಿಂಗಳ ಬಡ್ಡಿ 1,153. ಒಟ್ಟು 6,643 ರೂಪಾಯಿ. ಉಳಿದದ್ದು 677! ಅದರಲ್ಲಿ ಹುಲ್ಲು ಇಡುವ ಜಾಗದ ಬಾಡಿಗೆ ಇನ್ನೂ ಸೇರಿಲ್ಲ. ಎರಡು ಕೋಣೆಯ ಮನೆಯಲ್ಲಿರುವವರು ಬಣವೆ ಒಟ್ಟುವುದೆಲ್ಲಿ? ಸ್ವಂತ ಹಣ ಮತ್ತು ಅಟ್ಟ ಎರಡೂ ಇದ್ದವನಿಗೆ ಅಗ್ಗವಾಗುವ ಅದೇ ಹುಲ್ಲು ಇಲ್ಲದವನಿಗೆ ದುಬಾರಿ. ಬೆಳಗಾವಿಯ ಟಾಂಗಾಗಳನ್ನು ಆಟೋರಿಕ್ಷಾ ನುಂಗಿತು ಎನ್ನುತ್ತಾರೆ. ನಿಜವೇ, ಆದರೆ ಆಟೋ ನಿಂತಲ್ಲಿ ನಿಂತರೆ ಪೆಟ್ರೋಲ್ ಕುಡಿಯುವುದಿಲ್ಲ. ಗಿರಾಕಿ ಬರಲಿ, ಬಿಡಲಿ, ಕುದುರೆಗೆ ಆರು ಕಿಲೋ ಹಾಕಲೇಬೇಕು. ಈ ವ್ಯತ್ಯಾಸವನ್ನು ಹೆಚ್ಚು ಜನ ಗಮನಿಸಿಲ್ಲ.

ಈಗ ಉಳಿದಿರುವ ಕುದುರೆಗಳ ಕಥೆ ಬೇರೆ ಬೇರೆ. ಮದುವೆ ಮೆರವಣಿಗೆಯ ಕುದುರೆಗೆ ದುಡಿಮೆ ಮದುವೆಯ ತಿಂಗಳುಗಳಲ್ಲಿ, ಊಟ ವರ್ಷವಿಡೀ. ಜಾತ್ರೆಗಳಲ್ಲಿ ಓಡುವ ಗಾಡಿಕುದುರೆಗಳನ್ನು ಸಾಕುವವರು ಖರ್ಚಿಗೆ ಹಿಂಜರಿಯುವವರಲ್ಲ. ಅದು ಹವ್ಯಾಸ, ಅಲ್ಲಿ ಲೆಕ್ಕ ಕೇಳಬಾರದು. ಹುಲ್ಲಿಗೆ ದುಡ್ಡು ಕೊಡದೆ ಕುದುರೆ ಸಾಕುವ ಜಾಣರೂ ಇದ್ದಾರೆ. ಜಿಲ್ಲೆಯ ಒಣ ತಾಲ್ಲೂಕುಗಳ ಸಂಚಾರಿ ಕುರುಬರು ಭತ್ತದ ಕೊಯ್ಲು ಮುಗಿದ ಗದ್ದೆಗಳನ್ನು ಹುಡುಕಿಕೊಂಡು ಹಿಂಡಿನೊಂದಿಗೆ ಬರುತ್ತಾರೆ. ಹಾಸಿಗೆ, ಪಾತ್ರೆ, ಆಗತಾನೇ ಹುಟ್ಟಿದ ಮರಿಗಳನ್ನು ಹೊರಲು ಜೊತೆಗೆ ಕುಳ್ಳ ಕುದುರೆಗಳು. ರಾತ್ರಿ ಗದ್ದೆಯಲ್ಲಿ ಕುರಿ ನಿಲ್ಲಿಸಿದರೆ ಗೊಬ್ಬರಕ್ಕೆ ಪ್ರತಿಯಾಗಿ ರೈತ ಕಾಳು ಅಥವಾ ಹಣ ಕೊಡುತ್ತಾನೆ. ಕುದುರೆ ಬದುವಿನ ಹುಲ್ಲು, ಕೂಳೆ ತಿಂದುಕೊಂಡಿರುತ್ತದೆ. ಮೇವನ್ನು ಕುದುರೆಯ ಬಳಿಗೆ ತರುವ ಬದಲು ಕುದುರೆಯನ್ನೇ ಮೇವಿನ ಬಳಿಗೆ ನಡೆಸುವ ಉಪಾಯವಿದು. ಜಿಲ್ಲೆಯಲ್ಲಿ ಕಬ್ಬು ಹಬ್ಬಿದಂತೆಲ್ಲ ಅವರ ದಾರಿ ಕಿರಿದಾಗುತ್ತಿದೆ. ಕಬ್ಬಿನ ಗದ್ದೆ ವರ್ಷವಿಡೀ ತುಂಬಿರುತ್ತದೆ, ಕುರಿಗೆ ಅಲ್ಲೇನು ಕೆಲಸ? ಕಬ್ಬು ಬಂದಲ್ಲಿ ಜೋಳ ಹಿಂದೆ ಸರಿಯುತ್ತದೆ, ಜೋಳದೊಂದಿಗೆ ಕಣಿಕೆಯೂ.

ಇನ್ನು ಕೊಳ್ಳುವ ಬಗೆ. ಅನುಭವಿ ಟ್ರ್ಯಾಕ್ಟರಿನ ಮೇಲಿನ ಹುಲ್ಲನ್ನು ನೋಡುವುದೇ ಇಲ್ಲ. ಮೇಲಿನದು ಯಾವಾಗಲೂ ಚೆನ್ನಾಗಿಯೇ ಇರುತ್ತದೆ. ನಡುವಿನ ಸಿವುಡನ್ನು ಎಳೆಸಿ, ಮೊಳಕೈವರೆಗೆ ಕೈ ತೂರಿಸುತ್ತಾನೆ. ಒಳಗೆ ಬೆಚ್ಚಗಿದ್ದರೆ ಬೇಡವೆನ್ನುತ್ತಾನೆ, ತೇವದಲ್ಲಿ ಕಟ್ಟಿದ ಹುಲ್ಲು ಒಳಗೊಳಗೇ ಕಾವೇರುತ್ತದೆ. ದೊಡ್ಡ ಬಣವೆಯಾದರೆ ತಾನಾಗಿ ಬೆಂಕಿಯೂ ಹತ್ತೀತು. ಆಮೇಲೆ ಒಂದು ಹಿಡಿ ಕಿತ್ತು ಜೋರಾಗಿ ಕೊಡವುತ್ತಾನೆ. ಬಿಳಿ ಧೂಳು ಎದ್ದರೆ ಬೂಸಲು, ಕುದುರೆಗೆ ಕೆಮ್ಮು ಖಂಡಿತ. ಧೂಳಿಲ್ಲದಿದ್ದರೆ ಮೂಗಿಗೆ ಹಿಡಿದು ಮೂಸುತ್ತಾನೆ. ದರದ ಮಾತು ಶುರುವಾಗುವುದು ಅದಾದ ಮೇಲೆಯೇ.